ಕಂಪನಿಯವರು ನಕಲು ಮಾಡಿದ ಹಿರಿತನ

ತೊಂಬತ್ತರ ದಶಕದ ಕೊನೆಯಲ್ಲಿ ಶಿಕಾರಿಪುರದ ನಮ್ಮ ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರಿಕೆ ಮಾಡಿಕೊಡುತ್ತಿದ್ದೆ. ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿರಲಿಲ್ಲ, ವಾರಕ್ಕೊಂದು ಪ್ರಸಂಗ ಬಾಗಿಲಿಗೇ ಬರುತ್ತಿತ್ತು.

ಯಾರ ಹೆಸರು ಮೊದಲು

ಪತ್ರಿಕೆಯಲ್ಲಿ ಚಿಕ್ಕಪ್ಪನ ಹೆಸರು ಮೇಲೆ ಬಂದರೆ ದೊಡ್ಡಪ್ಪ ಮದುವೆಗೇ ಬರುವುದಿಲ್ಲ. ಅದಕ್ಕೆ ನಾನು ಕಂಪನಿಯಿಂದ ಕೊಂಡ ಕನ್ನಡ ಸಾಫ್ಟ್‌ವೇರಿಗೆ ನಾನೇ ಬರೆದ ಪ್ರೋಗ್ರಾಂನ ಒಂದು ಫ್ಲಾಪಿ ಜೋಡಿಸಿದೆ. ಹೆಸರುಗಳಿಗೆ ನಂಬರ್ ಕೊಟ್ಟು ಒಂದು ಕೀ ಒತ್ತಿದರೆ ಸಾಕು, ಎಲ್ಲರೂ ಹಿರಿತನದ ಪ್ರಕಾರ ಕೂತುಬಿಡುತ್ತಿದ್ದರು. ನಂಬರ್ ಹೇಳುತ್ತಿದ್ದವರು ಒಳಗೆ ಅವರೆಕಾಯಿ ಸುಲಿಯುತ್ತಿದ್ದ ಅಮ್ಮ. ಉಳವಿಯಿಂದ ಕುಬಟೂರಿನವರೆಗೆ ಯಾರು ಯಾರಿಗೆ ಏನಾಗಬೇಕು ಅನ್ನುವುದು ಅವರಿಗೆ ಬಾಯಿಪಾಠ.

ಒಬ್ಬ ಗಿರಾಕಿ ಪತ್ರಿಕೆ ನೋಡಿ ಹಿಗ್ಗಿದರು. "ಇನ್ ಯಾರ್ ಕೇಳಿದ್ರೂ ಕಂಪ್ಯೂಟರ್ ಹಾಕೇತಿ ಅಂತೀನ್ರಿ. ನಾ ಅಲ್ಲ."

ಕಂಪನಿಯ ಆವಿಷ್ಕಾರ

ಕಂಪನಿಯ ಪ್ರತಿನಿಧಿ ಬಂದರು. ಎರಡು ಲೋಟ ಕಾಫಿ ಕುಡಿದು, ಕೀ ಒತ್ತಿಸಿ ನೋಡಿ, ಹೊಗಳಿ ಹೋದರು. ಮುಂದಿನ ವರ್ಷ ಅವರ ಹೊಸ ಸಾಫ್ಟ್‌ವೇರಿನಲ್ಲಿ ಅದೇ ಕೀ, 'ನಮ್ಮ ಆವಿಷ್ಕಾರ' ಎಂಬ ಜಾಹೀರಾತಿನೊಂದಿಗೆ. ಸೊರಬದ ಪ್ರೆಸ್ಸಿನವರು ಅದನ್ನು ಕೊಂಡರು, ನನ್ನ ಗಿರಾಕಿಗಳು ಸೊರಬದ ಬಸ್ಸು ಹತ್ತಿದರು.

ಕಂಪನಿಗೆ ಫೋನ್ ಮಾಡಿ ಕೇಳಿದೆ. ನಿಮ್ಮದಕ್ಕೆ ಬೇರೆ ಫ್ಲಾಪಿ ಹಾಕಬೇಕು, ನಮ್ಮದರಲ್ಲಿ ಒಳಗೇ ಇದೆ, ಅದೇ ಆವಿಷ್ಕಾರ ಎಂದರು. ಪಕ್ಕದ ಮನೆಯ ಹಸು ತಂದು ನಮ್ಮ ಕೊಟ್ಟಿಗೆಯಲ್ಲಿ ಕಟ್ಟಿಕೊಂಡರೆ ಅದೂ ಆವಿಷ್ಕಾರವೇ ಎಂದು ಕೇಳಿದೆ. ಫೋನ್ ಇಟ್ಟುಬಿಟ್ಟರು.

ಅಜ್ಜನ ಮುನಿಸು

ಕಂಪನಿಯವರು ಕೀ ಕಂಡಿದ್ದರು, ಅಮ್ಮನನ್ನು ಕಂಡಿರಲಿಲ್ಲ. ನಂಬರ್ ಹೇಳುವವರಿಲ್ಲದೆ ಅವರ ಕೀ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುತ್ತಿತ್ತು. ಚಂದ್ರಗುತ್ತಿ ಕಡೆಯ ಒಂದು ಮನೆಯ ಪತ್ರಿಕೆ ಹಾಗೇ ಅಚ್ಚಾಗಿ ಊರೆಲ್ಲ ಹಂಚಿದ್ದೂ ಆಯಿತು. 'ಅ' ಅಕ್ಷರದ, ಇನ್ನೂ ಹಲ್ಲು ಬಾರದ ಮೊಮ್ಮಗ ಎಲ್ಲರಿಗಿಂತ ಮೇಲೆ, 'ಹ' ಅಕ್ಷರದ ಅಜ್ಜ ಎಲ್ಲರಿಗಿಂತ ಕೆಳಗೆ.

ಅಜ್ಜ ಜಗಲಿ ಬಿಟ್ಟು ಏಳಲಿಲ್ಲ. "ಆ ಕೂಸೇ ಮುಂದೆ ನಿಂತು ಮದ್ವೆ ಮಾಡ್ಸ್ಲಿ" ಎಂದರು.

ಎರಡನೇ ಭೇಟಿ

ಪ್ರೆಸ್ಸಿನವರು ಪ್ರತಿನಿಧಿಯನ್ನು ಕರೆಸಿ ಬೈದರಂತೆ. ಆ ಪ್ರತಿನಿಧಿ ಸೀದಾ ನಮ್ಮ ಮನೆಗೆ ಬಂದು, ಈ ಹಿರಿತನ ಫ್ಲಾಪಿಯಲ್ಲಿ ಎಲ್ಲಿದೆ ತೋರಿಸಿ ಎಂದರು. ನಾನು ಒಳಗೆ ಕೈ ತೋರಿಸಿದೆ. ನಲವತ್ತು ದಾಟಿದ, ಟೈ ಕಟ್ಟಿದ ಮನುಷ್ಯ ನೋಟ್‌ಬುಕ್ ಬಿಚ್ಚಿ ಅಮ್ಮನ ಎದುರು ಚಾಪೆಯ ಮೇಲೆ ಕೂತರು. ಅಮ್ಮ ಅವರದು ಯಾವೂರು, ಯಾರ ಪೈಕಿ ಎಂದು ವಿಚಾರಿಸಿದರು. ಕಾಲು ಗಂಟೆಯಲ್ಲಿ ಅವರ ಅಜ್ಜಿಯ ತವರು ಉಳವಿ ಎಂದು ಹೊರಬಿತ್ತು. ಅಮ್ಮ ಬೆರಳು ಮಡಚಿ ಲೆಕ್ಕ ಹಾಕಿ, ಇಪ್ಪತ್ತಾರರ ನನ್ನನ್ನು ತೋರಿಸಿ ಅವರಿಗೆ ಹೇಳಿದರು.

"ಇವ್ನು ನಿಂಗೆ ಚಿಕ್ಕಪ್ಪ ಆಗ್ಬೇಕು ಕಣಪ್ಪ. ಮೊದ್ಲು ಕಾಲಿಗೆ ಬೀಳು, ಆಮೇಲೆ ಬರ್ಕೊ."

ಬಿದ್ದರು. ನಾನೂ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದೆ, ಸ್ವಲ್ಪ ಜೋರಾಗಿಯೇ.