ಎಡಗಡೆ ಸ್ಟೇರಿಂಗಿನ ಅವ್ವಾರು

“ಅಕ್ಕಿಆಲೂರಿಗೆ ಯಾವ ದಾರೀರಿ?”

ಆಡೂರಿನ ಆಸುಪಾಸಿನಲ್ಲಿ ದಾರಿ ತಪ್ಪಿ, ಕಾಲುವೆ ಬದಿಗೆ ಕಾರು ನಿಲ್ಲಿಸಿ ಕೇಳಿದೆ. ಸ್ಕೂಟರಿಗೆ ಹಾಲಿನ ಕ್ಯಾನು ಕಟ್ಟಿಕೊಂಡಿದ್ದ ಮನುಷ್ಯ ಇಳಿದು ಬಂದ. ಹಿಂದೆ ಮೀನಿನ ರೆಕ್ಕೆ ಎದ್ದ, ಮುಂದೆ ಹಲ್ಲು ಕಿರಿದ ಆ ಉದ್ದನೆಯ ಹಳೆಯ ಅಮೆರಿಕನ್ ಕಾರನ್ನು ಒಂದು ಸುತ್ತು ಹಾಕಿ, ಬಲಗಡೆಯ ಕಿಟಕಿಯಲ್ಲಿ ಇಣುಕಿದ. ಅಲ್ಲಿ ನನ್ನ ಬ್ಯಾಗು ಕುಳಿತಿತ್ತು; ಸ್ಟೇರಿಂಗು ಎಡಗಡೆ, ನನ್ನ ಮುಂದೆ.

“ಡ್ರೈವರ್ ಎಲ್ಲಿ ಹೋದಾರಿ, ಅಕ್ಕಾರ?”

“ನಾನಽ ರೀ.”

“ಆ ಕಡೆ ಕುಂತು ಯಾರರ ಗಾಡಿ ಹೊಡೀತಾರೇನ್ರಿ? ಮೊದಲ ಡ್ರೈವರ್‌ನ ಹುಡುಕ್ರಿ. ಅಕ್ಕಿಆಲೂರು ಎಲ್ಲೂ ಹೋಗೂದಿಲ್ಲ.”

ನನ್ನ ಕಸುಬಿನಲ್ಲಿ ಇಂಥವು ನಡೆಯದ ದಿನವೇ ಇಲ್ಲ.

ಹುಚ್ಚು ಮತ್ತು ಮಾತು

ಅಮೆರಿಕದ ಶೆಡ್ಡುಗಳಲ್ಲಿ ಮಲಗಿರುವ ಹಳೆಯ ಕಾರುಗಳನ್ನು ಹುಡುಕಿ ಸಮುದ್ರದಾಚೆಯ ಹುಚ್ಚರಿಗೆ ಕೊಡಿಸುವುದು ನನ್ನ ಕೆಲಸ. ಸ್ವೀಡನ್ನಿನವನೊಬ್ಬ, ಧೂಳು ಒರೆಸಕೂಡದು, ಅದೂ ಅಮೆರಿಕದ್ದೇ ಬರಲಿ ಎಂದು ಕರಾರು ಹಾಕಿದ್ದ. ದುಬೈಯವನೊಬ್ಬ ಕಾರನ್ನು ನಡುಮನೆಯಲ್ಲಿಡಲು ಗೋಡೆ ಒಡೆಸಿದ; ಹೆಂಡತಿ ಅದೇ ಕಿಂಡಿಯಿಂದ ತವರಿಗೆ ಹೋದಳು. ಈ ಹುಚ್ಚಿಗೆ ಪಾಸ್‌ಪೋರ್ಟ್ ಬೇಡವೆಂದು ಗೊತ್ತಿತ್ತು. ನನ್ನ ಸೀಮೆಗೇ ಬಂದು, ಅಕ್ಕಿಆಲೂರಿನ ರೈಸ್ ಮಿಲ್ಲಿನ ಸಾವ್ಕಾರರನ್ನು ಹಿಡಿಯುತ್ತದೆಂದು ಗೊತ್ತಿರಲಿಲ್ಲ.

ಅವರು ಕೊಂಡ ಈ ಕಾರನ್ನು ಮಾರಿದವಳು ಅಮೆರಿಕದ ನೆಬ್ರಾಸ್ಕಾದ ಒಬ್ಬ ಮುದುಕಿ. ಗಂಡ ಬದುಕಿರುವತನಕ ಆಕೆಗೆ ಸ್ಟೇರಿಂಗ್ ಮುಟ್ಟಗೊಡಲಿಲ್ಲ. ಅವನು ಹೋಗುವಷ್ಟರಲ್ಲಿ ಈಕೆಯ ಮೊಣಕಾಲು ಹೋಗಿದ್ದವು. “ಯಾವ ದೇಶಕ್ಕಾದರೂ ಒಯ್ಯಿ. ಆ ಮನೆಯ ಹಿರಿಯ ಹೆಂಗಸು ಒಮ್ಮೆ ಇದನ್ನು ನಡೆಸಬೇಕು, ನಾನು ಕಣ್ಣಾರೆ ನೋಡಬೇಕು” ಎಂದಳು. ಕೊಳ್ಳುವವರು ಸಾಲುಗಟ್ಟಿದ್ದರೂ, ನಾನು ಮಾತು ಕೊಟ್ಟೆನೆಂದು ನನಗೇ ಕೊಟ್ಟಳು.

ಸಾವ್ಕಾರರಿಗೆ ಇದನ್ನು ಹೇಳಿದರೆ ಹೌಹಾರಿದರು. “ನಮ್ಮವ್ವನ ಕೈಯಾಗ ಸ್ಟೇರಿಂಗಾ? ಬೀಗರು ನಗತಾರ್ರಿ! ಹೊಡದ್ಲು ಅಂತ ಹೇಳಿಬಿಡ್ರಿ, ಆ ಮುದಕಿ ಏನ್ ನೋಡಾಕ ಬರ್ತಾಳ?”

ಕಾರುಗಳ ಬಗ್ಗೆ ನಾನು ಬೇಕಾದಷ್ಟು ಸುಳ್ಳು ಹೇಳಿದ್ದೇನೆ. ಮುದುಕಿಯರಿಗೆ ಹೇಳಲಾರೆ. ಅವರಿಗೆ ಗೊತ್ತಾಗಿಬಿಡುತ್ತದೆ.

ಹಿರೇಕೆರೂರಿನ ದಂಡ

ಚಿಕ್ಕೇರೂರಿನ ಬೀಗರಿಗೆ ಕಾರು ತೋರಿಸಬೇಕೆಂದು ಸಾವ್ಕಾರರು ಹೊರಡಿಸಿದರು. ಎಡಗಡೆ ಕುಳಿತು ನಡೆಸಲು ಅವರಿಗಿನ್ನೂ ಬಾರದು. ಹಾಗಾಗಿ ನಾನು ಡ್ರೈವರ್, ಅವರು ಬಲಗಡೆ ಮೀಸೆ ತೀಡುತ್ತಾ ಕುಳಿತವರು. ಹಿರೇಕೆರೂರಿನಲ್ಲಿ ಪೊಲೀಸಪ್ಪ ಕೈ ಅಡ್ಡ ಹಾಕಿ, ರೂಢಿಯಂತೆ ಬಲಗಡೆಯ ಕಿಟಕಿಗೇ ಬಂದ.

“ಲೈಸನ್ಸ್ ತೆಗೀರಿ.”

ಹೆಂಗಸು ಕಾರು ಹೊಡೆಯುತ್ತಿದ್ದಾಳೆ ಎನ್ನಲು ಸಾವ್ಕಾರರಿಗೆ ನಾಲಿಗೆ ಏಳಲಿಲ್ಲ. “ಮನ್ಯಾಗ ಮರತು ಬಂದೇನ್ರಿ,” ಎಂದುಬಿಟ್ಟರು. ಪೊಲೀಸಪ್ಪ ದಂಡದ ಪಾವತಿ ಹರಿದು ಕೊಡುವಾಗ ಒಳಗೆ ಬಗ್ಗಿ ನೋಡಿದ.

“ನಿಮ್ಮ ಮುಂದ ಸ್ಟೇರಿಂಗಽ ಇಲ್ಲಲ್ರಿ?”

“ಅಕ್ಕಾರ ಕಡೆ ಕೊಟ್ಟೇನಿ,” ಎಂದರು ಸಾವ್ಕಾರರು. “ದಂಡ ಕಟ್ಟೂತನಕ ಒಂಚೂರು ಹಿಡಕೊಂಡಿರ್ರಿ ಅಂತ.”

ಸವಣೂರಿನ ಉಡುಗೊರೆ

ಈ ಹುಚ್ಚರ ಲೋಕದಲ್ಲಿ ಹಳೆಯ ಬಣ್ಣವೇ ಬಂಗಾರ. ಮಾಸಿದಷ್ಟೂ ಬೆಲೆ. ಬರೀ ಒರೆಸಿ ಹೊಳಪು ಮಾಡಿಸಲೆಂದು ಕಾರನ್ನು ಸವಣೂರಿನ ಪೇಂಟರ್ ಚಾಚಾನ ಹತ್ತಿರ ಬಿಟ್ಟೆವು. ಲಾರಿಗಳ ಮೇಲೆ ಹುಲಿ, ಹದ್ದು, ಗುಲಾಬಿ ಬರೆದು ಕೈಪಳಗಿದವರು. ಅವರ ಕೈಗೆ ಬಂದ ಗಾಡಿ ಬೋಳಾಗಿ ಹೋದದ್ದಿಲ್ಲ.

ಸಾವ್ಕಾರರ ತಾಯಿ ಅವ್ವಾರೂ ನಾವೂ ಹೋಗಿ ನೋಡಿದರೆ, ಹಿಂದೆ ಎರಡು ರೆಕ್ಕೆಗಳ ನಡುವೆ ಕೆಂಪು ಹಳದಿಯಲ್ಲಿ ಮಿಂಚುತ್ತಿತ್ತು: ‘ತಾಯಿಯ ಆಶೀರ್ವಾದ’.

“ಅಯ್ಯೋ, ಕೆಡಿಸಿಬಿಟ್ರಲ್ರೀ ಚಾಚಾ!” ಎಂದು ಸಾವ್ಕಾರರು ತಲೆಗೆ ಕೈಹೊತ್ತರು.

ಚಾಚಾಗೆ ಬೇಸರವಾಯಿತು. “ಪುಕ್ಕಟೆ ಬರದೇನಿ ಸಾವ್ಕಾರ್ರ. ಬ್ಯಾಡಾಗಿದ್ರ ಅಳಸ್ತೇನಿ ತಗೋರಿ.”

ಮಗನ ಬೆನ್ನ ಹಿಂದಿನಿಂದ ಅವ್ವಾರ ದನಿ ಬಂತು. “ಅಳಸ್ಲಿ, ನೋಡೂಣು!”

ಲಿಂಬಿಹಣ್ಣು

ಕಾರು ವಯಸ್ಸಿನಲ್ಲಿ ಅವ್ವಾರಿಗಿಂತ ಕೊಂಚವೇ ಚಿಕ್ಕದು. ಆದರೂ ಮಿಲ್ಲಿನ ಅಂಗಳದಲ್ಲಿ, ಬೀಗರೆದುರು, ಹೊಸ ಗಾಡಿಯ ಪೂಜೆಯೇ ನಡೆಯಿತು. ನಾಲ್ಕು ಗಾಲಿಗೆ ನಾಲ್ಕು ಲಿಂಬಿಹಣ್ಣು ಇಟ್ಟು, ಎಂಜಿನ್ ಚಾಲೂ ಮಾಡಿದೆವು. ಮಾರನೆಯ ದಿನ ನನ್ನ ವಿಮಾನ, ಕೊಟ್ಟ ಮಾತು ಇನ್ನೂ ಹೆಗಲ ಮೇಲೆ. ನಮ್ಮಲ್ಲಿ ಮೊದಲ ಸವಾರಿಗೆ ಮನೆಯ ಹಿರಿಯರು ಮುಂದಿನ ಎಡಗಡೆ ಸೀಟಿನಲ್ಲಿ ಕೂಡುತ್ತಾರೆ. ಅವ್ವಾರು ಆರತಿ ಮಾಡಿ, ಸೆರಗು ಹೊದ್ದು, ಎಂದಿನಂತೆ ಎಡಗಡೆಯ ಬಾಗಿಲು ತೆಗೆದು ಕುಳಿತರು. ಸ್ಟೇರಿಂಗು ತೊಡೆಯ ಮೇಲೆ ಬಂತು.

“ಯವ್ವಾ, ಆ ಕಡೆ ಕುಂದ್ರು!”

“ಆ ಕಡೆ ಡ್ರೈವರ್ ಕುಂದರೂದು. ನಿಮ್ಮಪ್ಪನ ಜೀಪಿನ್ಯಾಗ ನಂದು ಇದಽ ಜಾಗ. ನಾ ಏಳಾಕಿಲ್ಲ.”

“ಆರತಿ ಆದಮ್ಯಾಲ ಹಿರೇರನ್ನ ಎಬ್ಬಸಬಾರದ್ರಿ,” ಎಂದರು ಪೂಜಾರಿ. ಅವರಿಗೊಂದು ಹಾರ ಹಾಕೋಣವೆನ್ನಿಸಿತು.

ನಾನು ಬಲಗಡೆ ಹಾರಿ ಕುಳಿತೆ. ಕ್ಲಚ್ಚಿಲ್ಲದ ಗಾಡಿ, ಬ್ರೇಕು ಬಿಟ್ಟರೆ ತಾನೇ ಹೊರಡುತ್ತದೆ. ಒಂದು ಕೈಯಲ್ಲಿ ಫೋನು ಎತ್ತಿ ಹಿಡಿದು, “ಅವ್ವಾರ, ಆ ಬ್ರೇಕಿನ ಪಟ್ಟಿ ತುಳೀರಿ,” ಎಂದು ಗೇರು ಇಳಿಸಿದೆ. “ಈಗ ಕಾಲು ಎತ್ರಿ.”

ಲಿಂಬಿಹಣ್ಣು ಪಚಕ್ಕೆಂದವು. ಕಾರು ನಿಲ್ಲಲಿಲ್ಲ; ಒಣಹಾಕಿದ ಭತ್ತದ ಮೇಲೆ ಹಾದು, ಅವ್ವಾರು ಸ್ಟೇರಿಂಗು ತಿರುಗಿಸಿದತ್ತ ಅಂಗಳ ಸುತ್ತತೊಡಗಿತು. ಕೋಳಿಗಳು ಒಂದು ದಿಕ್ಕಿಗೆ, ಬೀಗರು ಇನ್ನೊಂದು ದಿಕ್ಕಿಗೆ. ಸಾವ್ಕಾರರು ಧೋತರ ಎತ್ತಿಕೊಂಡು ಕಾರಿನ ಮುಂದೆಯೇ ಓಡುತ್ತಾ, “ನಿಲ್ಲಸ ಯವ್ವಾ, ನಿಲ್ಲಸ!” ಎಂದರು. ಅವ್ವಾರು ಹಾರ್ನು ಒತ್ತಿ, “ಹಾದಿ ಬಿಡಲೇ!” ಎಂದರು.

ಪೂರ್ತಿ ಸುತ್ತು ಬಂದ ಮೇಲೆ, ಮನಸ್ಸು ತುಂಬಿತೇನೋ, ತಾವೇ ಪಟ್ಟಿ ತುಳಿದು ನಿಲ್ಲಿಸಿದರು. ಇಳಿದು, ಏದುಸಿರು ಬಿಡುತ್ತಿದ್ದ ಮಗನನ್ನು ನೋಡಿದರು.

“ಇಷ್ಟಽ ಏನು? ಇದಕ್ಕ ನಿಮ್ಮಪ್ಪ ಅಷ್ಟು ಬಿಂಕಾ ಮಾಡತಿದ್ದ!”

ವಿಡಿಯೋ ಅಲ್ಲಿಯೇ ನಿಂತು ನೆಬ್ರಾಸ್ಕಾಕ್ಕೆ ಕಳಿಸಿದೆ. ಮುದುಕಿಯಿಂದ ಒಂದೇ ಪ್ರಶ್ನೆ ಬಂತು: “ಮುಂದೆ ಓಡುತ್ತಿರುವವನು ಆಕೆಯ ಗಂಡನೇ?”

ಅಲ್ಲ, ಮಗ ಎಂದು ಬರೆದೆ.

“ಹಾಗಾದರೆ ಬ್ರೇಕು ಹಾಕಿದ್ದು ಸರಿ,” ಎಂದಳು. “ನಿನ್ನ ಋಣ ತೀರಿತು.”