ಪದ್ಮಣ್ಣನ ಏಳು ನಿಮಿಷದ ಹತಾಶೆ

ವಿನಯಾ: ಅದು ಹಸಿವಲ್ಲ ಅಕ್ಕಾ, ಹತಾಶೆ! ಇಡೀ ಮನುಷ್ಯಕುಲದ ಹತಾಶೆ!

ವಿಜಯಲಕ್ಷ್ಮೀ: ಮೂವತ್ತು ವರ್ಷದಿಂದ ಈ ಮುಖಕ್ಕೆ ಬಡಿಸ್ತಿರೋಳು ನಾನು. ಅದು ಹಸಿವೇ.

ರಿಪ್ಪನ್‌ಪೇಟೆಯ ಪಾತ್ರೆ ಅಂಗಡಿ. ಗಲ್ಲಾದ ಮೇಲೆ ಲ್ಯಾಪ್‌ಟಾಪ್. ಅದರೊಳಗೆ ಅಂಗಡಿಯ ಯಜಮಾನ ಪದ್ಮಣ್ಣನೇ ತಾಳಗುಪ್ಪ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು, ಏಳು ನಿಮಿಷದಿಂದ ಮುಳುಗುವ ಸೂರ್ಯನನ್ನು ನೋಡುತ್ತಿದ್ದ. ರೈಲಿಲ್ಲ, ಮಾತಿಲ್ಲ, ಕತೆಯಂತೂ ಇಲ್ಲವೇ ಇಲ್ಲ. ಕಲಾತ್ಮಕ ಚಿತ್ರವೆಂದ ಮೇಲೆ ಕೇಳಬಾರದು. ಭಾನುವಾರ ಹೊಸನಗರದಲ್ಲಿ ಇದರ ಪ್ರದರ್ಶನ, ಪದ್ಮಣ್ಣನಿಗೆ ಶಾಲು, ಕಾಲೇಜಿನ ಉಪನ್ಯಾಸಕಿ ವಿನಯಾಳ ಭಾಷಣ.

ವಿನಯಾ: ಬೆಳಕು ಜಾರ್ತಾ ಇದೆ, ಹಿಡಿಯೋಕೆ ಆಗ್ತಿಲ್ಲ. ಆ ಕಣ್ಣು ನೋಡಿ! ನಿರ್ದೇಶಕರು ಏನಂತ ಹೇಳಿಕೊಟ್ಟಿದ್ರು ಪದ್ಮಣ್ಣೋರೇ?

ಪದ್ಮಣ್ಣ: 'ಅಲ್ಲಾಡಬೇಡಿ' ಅಂದಿದ್ರು.

ವಿನಯಾ: (ಬರೆದುಕೊಳ್ಳುತ್ತ) ಅಸ್ತಿತ್ವದ ನಿಶ್ಚಲತೆ...

ವಿಜಯಲಕ್ಷ್ಮೀ: ಎಂತ ನಿಶ್ಚಲತೆಯೋ! ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣಲ್ಲ. ಬುತ್ತಿ ಕಟ್ಟಿಕೊಟ್ಟಿದ್ದೆ. ಇವರನ್ನ ಬೆಂಚಿಂದ ಏಳೋಕೇ ಬಿಡಲಿಲ್ಲ. ಬುತ್ತಿ ಹಂಗೇ ವಾಪಸ್ ಬಂತು. ರಾತ್ರಿಯಿಡೀ ಉಪವಾಸ! ಸಿನಿಮಾಕ್ಕೆ ಹೋದ್ರೂ ನಮ್ಮನೆಯವರು ವ್ರತ ಬಿಡಲಿಲ್ಲ ಅಂತ ಬಸದೀಲಿ ಎಲ್ಲರ ಹತ್ರಾನೂ ಹೇಳಿದೀನಿ.

ಪದ್ಮಣ್ಣ ಮೆಲ್ಲಗೆ ಲ್ಯಾಪ್‌ಟಾಪಿನತ್ತ ಸರಿದ. ಬುತ್ತಿ ಮುಟ್ಟಿರಲಿಲ್ಲ, ನಿಜ. ಆದರೆ ಸ್ಟೇಷನ್ನಿನ ದೀಪ ಹೊತ್ತಿದ ಮೇಲೆ ಬೇರೇನೋ ಹೊಟ್ಟೆಗಿಳಿದಿತ್ತು. ಮುಂದಿನ ದೃಶ್ಯ ತೆಗೆದದ್ದು ಅದಾದ ಮರುಗಳಿಗೆಯಲ್ಲೇ. ಹೆಂಡತಿಗೆ ಅದರ ವಾಸನೆ ಹತ್ತಿದರೆ ಶಾಲು ಹೊದೆಯುವ ಮೊದಲೇ ಮಾನ ಹೋದೀತು.

ಪದ್ಮಣ್ಣ: ಸಾಕು ಮೇಡಂ, ಬಂದ್ ಮಾಡಿ. ಮುಂದೆ ಬರೀ ಕತ್ತಲೆ.

ವಿನಯಾ: ತಿರುಳಿರೋದೇ ಅಲ್ಲಿ! ನೋಡಿ, ಮುಖದಲ್ಲಿ ಎಂಥಾ ತೃಪ್ತಿ! ಸಾವನ್ನೇ ಒಪ್ಪಿಕೊಂಡುಬಿಟ್ಟಿದಾನೆ.

ವಿಜಯಲಕ್ಷ್ಮೀ ಕನ್ನಡಕ ಏರಿಸಿ ಬಗ್ಗಿದಳು.

ವಿಜಯಲಕ್ಷ್ಮೀ: ಸ್ವಲ್ಪ ಹಿಂದಕ್ಕೆ ಹೋಗಿ... ಹ್ಞಾಂ, ನಿಲ್ಸಿ. ಏನ್ರೀ ಇದು?

ಪದ್ಮಣ್ಣ: ಅದು... ನೆರಳು.

ವಿಜಯಲಕ್ಷ್ಮೀ: ನೆರಳಂತೆ! ನಂಗೆ ಕಣ್ಣಿಲ್ವಾ? ಭಾನುವಾರ ಇಡೀ ಹೊಸನಗರ ನೋಡತ್ತೆ. ನಂಗೊಂದು ಮಾತು ಹೇಳೋಕೆ ಏನಾಗಿತ್ತು?

ಪದ್ಮಣ್ಣ: ತಪ್ಪಾಯ್ತು ಮಾರಾಯ್ತಿ! ಎರಡೇ ಎರಡು ಬೋಂಡ. ಬಿಸಿ ಇತ್ತು. ಒಳಗಿರೋದು ಆಲೂಗಡ್ಡೆ, ಗೆಡ್ಡೆ ನಮಗೆ ವರ್ಜ್ಯ ಅಂತ ನೆನಪಾಗೋ ಹೊತ್ತಿಗೆ ಎರಡನೇದೂ ಮುಗಿದಿತ್ತು!

ವಿಜಯಲಕ್ಷ್ಮೀ: ನಾ ಕೇಳಿದ್ದು ಅಂಗಿ ಗುಂಡಿ. ಕಿತ್ತು ಹೋಗಿದೆ ಅಂತ ಹೊರಡೋ ಮೊದಲೇ ಅಂದಿದ್ರೆ ಹೊಲಿದು ಕೊಡ್ತಿದ್ದೆ. ಯಾವ ಬೋಂಡ?

ಕುಂಬಳಕಾಯಿ ಕಳ್ಳ ಅಂತ ಯಾರೂ ಅನ್ನುವ ಮೊದಲೇ ಪದ್ಮಣ್ಣ ಹೆಗಲು ಮುಟ್ಟಿಕೊಂಡಾಗಿತ್ತು. ವಿನಯಾ ಹೊಸ ಹಾಳೆ ತಿರುವಿದಳು.

ವಿನಯಾ: ಅಬ್ಬಾ, ಇದು ನನಗೆ ಹೊಳೆದೇ ಇರಲಿಲ್ಲ! ಬೋಂಡ ಇಲ್ಲಿ ಯಾವುದರ ಸಂಕೇತ ಪದ್ಮಣ್ಣೋರೇ?

ವಿಜಯಲಕ್ಷ್ಮೀ: ನಾಳೆಯ ಉಪವಾಸದ್ದು. ಬರ್ಕೊಳ್ಳಿ.