ಕೇಸರಿಬಾತಿನ ಆರೋಪಿ

ನಾನು ಜೀವಮಾನದಲ್ಲಿ ಮಾಡಿದ್ದು ಒಂದೇ ಕೊಲೆ, ಅದೂ ಟೀವಿಯಲ್ಲಿ. ಆದರೆ ಟೀವಿಯವರು ಅದನ್ನ ಮತ್ತೆ ಮತ್ತೆ ಹಾಕ್ತಾರೆ, ಹಾಕಿದಾಗಲೆಲ್ಲ ನನಗೆ ಏನಾದರೊಂದು ಆಗ್ತಾನೇ ಇರುತ್ತೆ.

ಬಸವೇಶ್ವರನಗರದಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಟ್ಟು ರಿಟೈರ್ ಆದವನು ನಾನು. ಹಳೇ ಶಿಷ್ಯನೊಬ್ಬ ‘ನಿಜ ಘಟನೆ ಆಧಾರಿತ’ ಅಂತ ಬರುವ ಕ್ರೈಂ ಧಾರಾವಾಹಿಯಲ್ಲಿ ಕೆಲಸ ಮಾಡ್ತಿದ್ದ. “ಸಾರ್, ಕೊಲೆಗಾರನ ಪಾತ್ರ ಇದೆ. ನಿಮ್ಮನ್ನ ನೋಡಿದ್ರೆ ಯಾರಿಗೂ ಅನುಮಾನ ಬರಲ್ಲ, ಅದಕ್ಕೇ ನೀವೇ ಬೇಕು” ಅಂದ. ಹೊಗಳಿಕೆ ಅಂದ್ಕೊಂಡು ಒಪ್ಪಿಬಿಟ್ಟೆ. ಆಸ್ತಿಗೋಸ್ಕರ ಸ್ವಂತ ಅಣ್ಣನಿಗೆ ಕೇಸರಿಬಾತಿನಲ್ಲಿ ವಿಷ ಹಾಕಿ ಕೊಡೋದು, ಕೊನೇಲಿ ಅತ್ತು ತಪ್ಪೊಪ್ಪಿಕೊಳ್ಳೋದು. ಇಷ್ಟೇ ಪಾತ್ರ.

ಅದು ಮಗಳಿಗೆ ಗಂಡು ನೋಡ್ತಿದ್ದ ಕಾಲ. ಬೀಗರಾಗೋರು ಈ ಎಪಿಸೋಡ್ ನೋಡಿಬಿಟ್ರೆ ಏನಪ್ಪಾ ಗತಿ ಅನ್ನೋದು ಪ್ರಸಾರ ಆದ ಮೇಲೆ ಹೊಳೀತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು. ಅವತ್ತಿಂದ ನನಗೆ ನಿದ್ದೆ ಸರಿಯಾಗಿ ಬಂದಿಲ್ಲ.

ಪಾರ್ಕಿನ ಸಲಹೆ

ಮಾರನೇ ದಿನ ಬೆಳಗ್ಗೆ ವಾಕಿಂಗ್ ಹೋದೆ. ದಿನಾ ನನ್ನ ಜೊತೆ ಎರಡು ಸುತ್ತು ಹಾಕೋ ರಿಟೈರ್ಡ್ ಹೆಡ್ ಕಾನ್ಸ್‌ಟೇಬಲ್ ಒಬ್ಬರಿದ್ದಾರೆ. ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದರು. ಅಕ್ಕಪಕ್ಕ ನೋಡಿ ದನಿ ತಗ್ಗಿಸಿದರು.

“ಮೇಷ್ಟ್ರೇ, ನಿನ್ನೆ ನೋಡಿದೆ. ನಂಗೆ ಬಹಳ ಬೇಜಾರಾಯ್ತು.”

“ಅಯ್ಯೋ, ಅದು ನಟನೆ ಸಾರ್.”

“ಅದು ಗೊತ್ತು. ಆದ್ರೂ ನೀವು ಅಷ್ಟು ಬೇಗ ಒಪ್ಕೊಂಡಿದ್ದು ತಪ್ಪು. ತೆಪ್ಪಗೆ ಕೂತಿದ್ರೆ ಆ ಕೇಸು ನಿಲ್ತಾನೇ ಇರ್ಲಿಲ್ಲ.”

ವಾಪಸ್ ಬಂದ ಡಬ್ಬಿ

ಯುಗಾದಿಗೆ ನನ್ನ ಹೆಂಡತಿ ಮೇಲಿನ ಪೋರ್ಷನ್‌ನವರಿಗೆ ಎಂಟು ಒಬ್ಬಟ್ಟು ಕಳಿಸಿದಳು. ಬಾಡಿಗೆಗೆ ಬಂದು ಆರು ವರ್ಷ ಆದ ಸಂಸಾರ, ಕೊಟ್ಟು ತಗೊಂಡು ಇರೋರು. ಡಬ್ಬಿ ಖಾಲಿ ವಾಪಸ್ ಕೊಡಬಾರದಲ್ಲ, ಸಂಜೆ ಆಯಮ್ಮ ಡಬ್ಬಿ ತುಂಬಿಸಿಯೇ ತಂದುಕೊಟ್ಟರು. “ನಾವೂ ಒಬ್ಬಟ್ಟು ಮಾಡಿದ್ವಿ ಆಂಟಿ” ಅಂದು, ನನ್ನ ಮುಖ ನೋಡದೆ ಮೆಟ್ಟಿಲು ಹತ್ತಿ ಹೋದರು.

ಹೆಂಡತಿ ಮುಚ್ಚಳ ತೆಗೆದು ಎಣಿಸಿದಳು. ಎಂಟು. ನಾಲ್ಕನೇದರ ಅಂಚು ಕರಕಲಾಗಿತ್ತು. ಬೆಳಗ್ಗೆ ಅದನ್ನ ಸೀಯಿಸಿದವನು ನಾನೇ, ಬೈಸಿಕೊಂಡವನೂ ನಾನೇ.

“ನಂ ಒಬ್ಬಟ್ಟು ನಮಗೇ ಬಂದಿದೆ. ನಿಮ್ಮ ಕಲಾಸೇವೆ ಚೆನ್ನಾಗಿದೆ ಕಣ್ರೀ” ಅಂದಳು.

ಹೆಣ್ಣು ನೋಡೋ ಶಾಸ್ತ್ರ

ಕೊನೆಗೂ ವಿಜಯನಗರದಿಂದ ಒಂದು ಸಂಬಂಧ ಬಂತು. ಹುಡುಗ ಮೇಷ್ಟ್ರು, ನಮ್ಮ ಮಗಳಿಗೂ ಮನಸ್ಸಿತ್ತು. ಭಾನುವಾರ ಬರ್ತೀವಿ ಅಂದರು. ಶನಿವಾರ ಮಧ್ಯಾಹ್ನ ಟೀವಿ ಹಾಕ್ತೀನಿ, ನಾನೇ ಅಣ್ಣನಿಗೆ ಕೇಸರಿಬಾತ್ ಬಡಿಸ್ತಾ ಇದ್ದೀನಿ. ಮರುಪ್ರಸಾರ. ಹೋಗಿ ಮೂವತ್ತು ವರ್ಷದ ಮೀಸೆ ಬೋಳಿಸಿಕೊಂಡು ಬಂದೆ.

“ನಾಳೆ ಕೇಸರಿಬಾತ್ ಒಂದು ಬೇಡ ಕಣೇ. ಮೈಸೂರು ಪಾಕ್ ತರ್ತೀನಿ.”

“ಹೆಣ್ಣು ನೋಡೋಕೆ ಬಂದೋರಿಗೆ ಅಂಗಡಿ ತಿಂಡಿ ಕೊಡ್ತಾರೇನ್ರೀ? ನೀವು ವೇಷ ಹಾಕಿದ್ದಕ್ಕೆ ನಾನ್ಯಾಕೆ ಶಾಸ್ತ್ರ ಬಿಡ್ಲಿ?”

ಹುಡುಗ, ಅಪ್ಪ, ಅಮ್ಮ, ಅಜ್ಜಿ ಬಂದರು. ಉಪ್ಪಿಟ್ಟು, ಕೇಸರಿಬಾತಿನ ತಟ್ಟೆ ಎಲ್ಲರ ಕೈಗೂ ಬಂತು. ಅಜ್ಜಿ ತಟ್ಟೆ ನೋಡಿದರು, ನನ್ನ ನೋಡಿದರು, ಮತ್ತೆ ತಟ್ಟೆ ನೋಡಿದರು.

“ಮೀಸೆ ತೆಗೆದ್ರೆ ಗುರುತು ಸಿಗಲ್ಲ ಅಂದ್ಕೊಂಡ್ರಾ?”

ಎಲ್ಲರ ಚಮಚ ನಿಂತುಹೋಯ್ತು. “ಅಮ್ಮಾ, ಅದು ಬರೀ ನಟನೆ” ಅಂದೆ.

“ನಿಜ ಘಟನೆ ಅಂತ ಬರೆದಿದ್ರು. ನಂಗೆ ಓದಕ್ಕೆ ಬರುತ್ತೆ.”

“ಸುಮ್ನಿರಮ್ಮ” ಅಂದರು ಹುಡುಗನ ಅಪ್ಪ. ಆದರೆ ಅವರೂ ತಟ್ಟೆಯನ್ನ ಮೆಲ್ಲಗೆ ಟೀಪಾಯಿ ಮೇಲಿಟ್ಟರು.

ಮಗಳು ಕಾಫಿ ಟ್ರೇ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ನನ್ನಿಂದ ಇವಳ ಮದುವೆ ತಪ್ಪಿಹೋಯ್ತಲ್ಲ ಅಂದ್ಕೊಂಡೆ.

ಅಜ್ಜಿ ತಮ್ಮ ತಟ್ಟೆಯನ್ನ ನನ್ನ ಕಡೆ ತಳ್ಳಿದರು. “ಮೊದಲು ನೀವು ತಿನ್ನಿ.”

ನನಗೆ ಶುಗರ್. ಡಾಕ್ಟರು ಸಿಹಿ ಮುಟ್ಟಬೇಡಿ ಅಂದು ಮೂರು ವರ್ಷ. ಹೆಂಡತಿ ಕಡೆ ನೋಡಿದೆ. ದೇವರ ಪ್ರಸಾದದ ಬೆಲ್ಲವನ್ನೂ ನನ್ನ ಕೈಯಿಂದ ಕಿತ್ತುಕೊಳ್ಳೋಳು, “ತಿನ್ನೀಂದ್ರೆ” ಅಂದಳು. ಪೂರ್ತಿ ತಿಂದೆ.

ಅಜ್ಜಿ ಗೋಡೆ ಗಡಿಯಾರ ನೋಡಿದರು. “ಟೀವೀಲಿ ನಿಮ್ಮಣ್ಣ ಬಿದ್ದಿದ್ದು ಹತ್ತು ನಿಮಿಷ ಆದ್ಮೇಲೆ. ಕಾಯೋಣ.”

ಕಾದೆವು. ಭಯಕ್ಕೆ ನನ್ನ ಹಣೆ ಬೆವರಿತು. ಬೆವರು ಕಂಡು ಹುಡುಗನ ಅಮ್ಮ ಕುರ್ಚಿ ಹಿಂದಕ್ಕೆ ಸರಿಸಿದರು. ಹತ್ತು ನಿಮಿಷ ಆಯ್ತು, ಹನ್ನೊಂದೂ ಆಯ್ತು. ನಾನು ಬೀಳಲಿಲ್ಲ.

ಆಮೇಲೆ ಅಜ್ಜಿ ಇನ್ನೊಂದು ತಟ್ಟೆ ತಗೊಂಡು ನಿಧಾನವಾಗಿ ತಿಂದರು, ಬಾಯಿ ಒರೆಸಿಕೊಂಡರು. ಮಗನ ಮುಖ, ಮೊಮ್ಮಗನ ಮುಖ ನೋಡಿದರು. ಮೊಮ್ಮಗ ಆಗಲೇ ತಲೆಯಾಡಿಸ್ತಿದ್ದ.

“ರುಚಿಯಾಗಿದೆ. ಹುಡುಗಿ ನಮಗೆ ಒಪ್ಪಿಗೆ.”

ಹೋದ ಜೀವ ಬಂದ ಹಾಗಾಯ್ತು. ಕಣ್ಣಲ್ಲಿ ನೀರು ಬಂದು, ಅಜ್ಜಿ ಕಾಲಿಗೆ ನಮಸ್ಕಾರ ಮಾಡೋಕೆ ಬಗ್ಗಿದೆ. ಅವರು ನನ್ನ ತಲೆ ಮೇಲೆ ಕೈಯಿಟ್ಟು ಅಂದರು:

“ಒಂದೇ ಮಾತು. ಹೆಣ್ಣಿನ ಕಡೆಯೋರೇ ಊಟ ಹಾಕೋದು ಪದ್ಧತಿ, ನಂಗೊತ್ತು. ಆದ್ರೆ ಈ ಮದುವೆ ಅಡುಗೆ ನಾವೇ ಮಾಡಿಸ್ತೀವಿ. ನೀವು ಬಡಿಸೋಕೂ ಬರಬೇಡಿ.”